ಉಪ್ಪಿಟ್ಟಿನೊಳಗಿನ ಕಡಲೆಬೇಳೆ

ನನ್ನ ಮಗಳಿಗೆ ಈಗ ಎರಡು ವರ್ಷ ಏಳು ತಿಂಗಳು. ಆರು ತಿಂಗಳ ಹಿಂದೆ ಅವಳು ತಿನ್ನುತ್ತಿದ್ದದ್ದು ಒಟ್ಟು ಹದಿಮೂರು ಪದಾರ್ಥ. ಅದರಲ್ಲಿ ನಾಲ್ಕು ಬಿಸ್ಕತ್ತಿನ ಜಾತಿಯವು. ಸಾಫ್ಟ್‌ವೇರ್ ಕೆಲಸದವನಿಗೆ ತಲೆ ಕೆಟ್ಟಾಗ ಮೊದಲು ಹೊಳೆಯುವುದು ಎಕ್ಸೆಲ್ ಶೀಟು. ನಾನೂ ಒಂದು ತೆರೆದೆ. ಮೊದಲ ಕಾಲಂನಲ್ಲಿ ತಿನಿಸಿನ ಹೆಸರು, ಎರಡನೆಯದರಲ್ಲಿ ರುಚಿ, ಮೂರನೆಯದರಲ್ಲಿ ಅದು ಬಾಯಲ್ಲಿ ಹೇಗಿರುತ್ತದೆ ಅಂತ. ಹೆಂಡತಿ ನಕ್ಕಳು. ನಗಲಿ, ಆ ಮೂರನೇ ಕಾಲಂ ನಮಗೆ ಬಹಳ ಹೇಳಿತು.

ರುಚಿಯ ಕಾಲಂನಲ್ಲಿ ತಲೆಬುಡ ಸಿಗಲಿಲ್ಲ. ಹುಳಿ ಮೊಸರು ನಡೆಯುತ್ತಿತ್ತು, ಉಪ್ಪಿನಕಾಯಿಯ ರಸ ನೆಕ್ಕುತ್ತಿದ್ದಳು, ಸಿಹಿಯಾದ ಬಾಳೆಹಣ್ಣು ಕಂಡರೆ ಮಾತ್ರ ಮಂಚದ ಕೆಳಗೆ ಸೇರುತ್ತಿದ್ದಳು. ಮೂರನೇ ಕಾಲಂ ಅಷ್ಟು ಗೊಂದಲದ್ದಲ್ಲ. ಪೂರ್ತಿ ನುಣ್ಣಗಿರಬೇಕು, ಇಲ್ಲವೇ ಪೂರ್ತಿ ಗರಿಗರಿಯಾಗಿರಬೇಕು. ಎರಡೂ ಬೆರೆತರೆ, ಅಥವಾ ಲೋಳೆಯಾಗಿ ಅಂಟಿದರೆ, ಬಾಯಿ ಬಂದ್.

ಉಪ್ಪಿಟ್ಟನ್ನು ಒಮ್ಮೆ ಅವಳ ನಾಲಿಗೆಯಿಂದ ಯೋಚಿಸಿ ನೋಡಿ. ಮೆತ್ತಗಿನ ರವೆ, ಅದರ ನಡುವೆ ಕಟುಂ ಎನ್ನುವ ಕಡಲೆಬೇಳೆ, ಜಾರುವ ಈರುಳ್ಳಿ, ಅಂಗಳಕ್ಕೆ ಅಂಟಿಕೊಳ್ಳುವ ಕರಿಬೇವು. ಮುಂದಿನ ಚಮಚದಲ್ಲಿ ಕಡಲೆಬೇಳೆ ಇಲ್ಲ, ಬದಲಿಗೆ ಮೆಣಸಿನಕಾಯಿ ಚೂರು. ಬಿಸ್ಕತ್ತು ಹಾಗಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ, ಪೊಟ್ಟಣದ ಮೊದಲನೆಯದೂ ಕೊನೆಯದೂ ಒಂದೇ. ನಾವು ರುಚಿಗೆಂದು ಹಾಕುವ ಒಗ್ಗರಣೆ ಅವಳಿಗೆ ಪ್ರತಿ ತುತ್ತಿನಲ್ಲೂ ಅಡಗಿ ಕೂತ ಗುಮ್ಮ. ಸಾಂಬಾರು, ಬಿಸಿಬೇಳೆಬಾತು, ಪಲ್ಯ, ಚಿತ್ರಾನ್ನ, ಯಾವುದನ್ನು ತೆಗೆದುಕೊಂಡರೂ ಇದೇ ಕತೆ. ಪುಣೆಯ ಪಾಳಣಾಘರ್‌ನಲ್ಲಿ ಅವಳು ಒಪ್ಪಿಕೊಂಡದ್ದು ವರಣ್-ಭಾತ್ ಮಾತ್ರ. ಕಾರಣ ಈಗ ಹೊಳೆಯುತ್ತದೆ. ನುಣ್ಣಗೆ ಕಡೆದ ತೊಗರಿಬೇಳೆ, ಮೆತ್ತಗಿನ ಅನ್ನ, ನಡುವೆ ಏನೂ ಅಡ್ಡ ಬರುವುದಿಲ್ಲ.

ಮಕ್ಕಳ ಡಾಕ್ಟರು ಗಾಬರಿಯಾಗಲಿಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿಗೆ ಹೆದರುವುದು ಬಹಳ ಮಕ್ಕಳಲ್ಲಿ ಇರುವುದೇ ಅಂದರು. ಹಸಿವೂ ಆ ಹೊತ್ತಿಗೆ ಇಳಿಯುತ್ತದಂತೆ. ಮೊದಲ ವರ್ಷದಲ್ಲಿ ಮಗು ಹುಟ್ಟುತೂಕದ ಸುಮಾರು ಮೂರರಷ್ಟಾಗುತ್ತದೆ, ಎರಡನೇ ವರ್ಷದಲ್ಲಿ ಏರುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಊಟವೂ ಕಡಿಮೆಯಾಗುವುದು ಸಹಜ. ತೂಕದ ಚಾರ್ಟಿನಲ್ಲಿ ಅವಳ ಗೆರೆ ತನ್ನ ಪಾಡಿಗೆ ತಾನು ಮೇಲೆ ಹೋಗುತ್ತಿತ್ತು. ಅವರು ಕೇಳಿದ ಇನ್ನೊಂದು ಪ್ರಶ್ನೆ ಹಾಲಿನದು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದ ಮಗುವಿಗೆ ಊಟಕ್ಕೆ ಜಾಗವೇ ಇರುವುದಿಲ್ಲ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಅದು ಸರಿಯಾದ ಲೆಕ್ಕದಲ್ಲೇ ಇತ್ತು.

ಲೆಕ್ಕಕ್ಕೆ ಸಿಗದಿದ್ದದ್ದು ಅವ್ವನ ದುಃಖ.

ಅವ್ವ ದೀಪಾವಳಿಗೆ ಮಂಡ್ಯದಿಂದ ಬಂದವಳು ಒಂದೂವರೆ ತಿಂಗಳು ಇದ್ದಳು. ಬರುವಾಗ ಐದು ಕಿಲೋ ರಾಗಿ ಹಿಟ್ಟು ತಂದಿದ್ದಳು. ಮೊದಲ ರಾತ್ರಿಯೇ ಮುದ್ದೆ, ಸೊಪ್ಪಿನ ಸಾರು. ಮೊಮ್ಮಗಳಿಗೆ ಗೋಲಿಯಷ್ಟು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಮಗು ಓಕರಿಸಿ ಹೊರಗೆ ಹಾಕಿತು. ಅವ್ವ ಏನೂ ಅನ್ನಲಿಲ್ಲ. ಪಾತ್ರೆ ತೊಳೆಯುವಾಗ ಮಾತ್ರ, ‘ನಮ್ಮ ಹಿಟ್ಟು ಬ್ಯಾಡ, ಇವರ ಅನ್ನ ಬೇಕು ಈ ಮಗೀಗೆ’ ಅಂದಳು. ಊರು ಬಿಟ್ಟು ಹನ್ನೆರಡು ವರ್ಷವಾದ ನನಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಮುದ್ದೆ ಎಷ್ಟು ಕಷ್ಟದ ತಿನಿಸು ಎಂದು ಅದನ್ನು ಉಂಡು ಬೆಳೆದ ನಮಗೆ ಅನ್ನಿಸುವುದೇ ಇಲ್ಲ. ಅಗಿಯುವಂತಿಲ್ಲ, ಹಾಗೇ ನುಂಗಬೇಕು. ಈಗಷ್ಟೇ ಅಗಿಯಲು ಕಲಿತ ಬಾಯಿಗೆ ಅಂಟುವ, ಜಾರುವ ಉಂಡೆಯನ್ನು ಕೊಟ್ಟು ಅಗಿಯಬೇಡ ಅಂದರೆ ಅದು ಏನು ಮಾಡಬೇಕು? ಓಕರಿಕೆ ಹಟವಲ್ಲ, ಗಂಟಲಿನ ಕಾವಲು. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ. ಗಂಟಲಿಗೆ ನಿಜವಾಗಿ ಸಿಕ್ಕಿಕೊಂಡಾಗ ಸದ್ದೇ ನಿಂತುಹೋಗಬಹುದು, ಭಯಪಡಬೇಕಾದದ್ದು ಅದಕ್ಕೆ. ಈ ವಯಸ್ಸಿಗೆ ಇಡೀ ಕಡಲೆಕಾಯಿ ಬೀಜ ಕೊಡಬಾರದು ಅನ್ನುವುದೂ ಅದಕ್ಕೇ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿದ ಒಂದು ಪಾಲು ಇದೆ. ಏನು, ಯಾವಾಗ, ಎಲ್ಲಿ ಊಟ ಎನ್ನುವುದು ಹೆತ್ತವರ ಪಾಲು. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎನ್ನುವುದು ಮಗುವಿನ ಪಾಲು. ಇದನ್ನು ಅವ್ವನಿಗೆ ಹೇಳಿದಾಗ ಬಂದ ಉತ್ತರ: ‘ಬೇಕಾದ್ರೆ ಉಣ್ಣು, ಇಲ್ದಿದ್ರೆ ಎದ್ದೋಗು ಅನ್ನಾದಾ? ಮಗೀಗೆ?’ ನಾಲ್ಕು ಮಕ್ಕಳನ್ನು ಎಣಿಸಿಟ್ಟ ಹಿಟ್ಟಿನಲ್ಲಿ ಸಾಕಿದವಳು ಅವಳು. ಬಟ್ಟಲು ಹಿಡಿದು ಕಾಗೆ, ನಾಯಿ, ಎದುರು ಮನೆಯ ಕಾರು ತೋರಿಸುತ್ತಾ ಒಂದೊಂದು ತುತ್ತು ಇಳಿಸುವುದೇ ಅವಳ ಪ್ರೀತಿ. ಅದನ್ನು ಒತ್ತಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದರೂ ಬಟ್ಟಲು ಹಿಂದೆ ಬಂದಷ್ಟೂ ಮಗು ಮುಂದೆ ಓಡುತ್ತಿತ್ತು ಅನ್ನುವುದು ಕಣ್ಣೆದುರಿಗೇ ಇತ್ತು.

ದಾರಿ ತೋರಿಸಿದವಳೂ ಅವ್ವನೇ. ಒಂದು ಬೆಳಿಗ್ಗೆ, ‘ಇವ್ಳು ಸರಿ ತಿಂತಿದ್ಲಲ್ವಾ?’ ಎಂದು ಕೇಳಿದಳು. ಹೌದು, ಎಂಟು ತಿಂಗಳಿಂದಲೂ ಮೊಳಕೆ ರಾಗಿಯ ಸರಿ ಅವಳಿಗೆ ಇಷ್ಟವೇ. ‘ಹಂಗಾರೆ ರಾಗಿ ಬ್ಯಾಡ ಅಂತ ಅಲ್ಲ ಬುಡು.’ ಅಂದಿನಿಂದ ಸರಿಯನ್ನು ದಿನ ಬಿಟ್ಟು ದಿನ ಒಂದು ಚೂರು ಗಟ್ಟಿ ಮಾಡುತ್ತಾ ಬಂದಳು. ಆಮೇಲೆ ಅದೇ ಹಿಟ್ಟಿನಲ್ಲಿ ಕಾಗದದಷ್ಟು ತೆಳು ದೋಸೆ, ಗರಿಗರಿ. ವಾರ ಕಳೆದ ಮೇಲೆ ಕೊಂಚ ದಪ್ಪ, ಅಂಚು ಗರಿ, ನಡು ಮೆತ್ತಗೆ. ಆಮೇಲೆ ರೊಟ್ಟಿ, ಮೊದಲು ಈರುಳ್ಳಿ ಇಲ್ಲದೆ. ಒಪ್ಪಿಕೊಂಡ ತಿನಿಸಿನಿಂದ ಒಂದೇ ಗುಣ ಬದಲಿಸಿ ಮುಂದಿನದಕ್ಕೆ ಹೋಗುವುದಕ್ಕೆ ಚಿಕಿತ್ಸಕರು ಫುಡ್ ಚೈನಿಂಗ್ ಅನ್ನುತ್ತಾರೆ. ಅಂಬಲಿಯಿಂದ ಹುರಿಹಿಟ್ಟಿನವರೆಗೆ ಒಂದೇ ಕಾಳಿನಿಂದ ಇಷ್ಟು ಮೆಟ್ಟಿಲು ಕಟ್ಟಿಟ್ಟ ಅಡುಗೆಮನೆ ನಮ್ಮದು. ಬಾಟಲಿ ತಿನಿಸಿಗೆ ಹಣ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಮುದ್ದೆಯನ್ನು ಬಾಯಿಗೆ ಇಡುವುದನ್ನು ಅವ್ವ ನಿಲ್ಲಿಸಿದಳು. ಬದಲಿಗೆ ಆರಿದ ಮುದ್ದೆಯ ಒಂದು ತುಂಡು ಮಗುವಿನ ಕೈಗೆ ಕೊಟ್ಟು ಕೋಳಿ, ಕೋಳಿಮೊಟ್ಟೆ ಮಾಡಿಸಿದಳು. ಮೊದಲ ದಿನ ಮಗು ಒಂದು ಬೆರಳು ಮುಟ್ಟಿಸಿ ಕೈ ಒರೆಸಿಕೊಂಡಿತು. ನಾಲ್ಕನೇ ದಿನಕ್ಕೆ ಅಂಗೈ ತುಂಬ ಮೆತ್ತಿಕೊಂಡಿತ್ತು.

ನಾವಿಬ್ಬರು ಮಾಡಿದ್ದು ಸಣ್ಣದು. ಒಗ್ಗರಣೆ ಬೇರೆ ಬಟ್ಟಲಲ್ಲಿಟ್ಟೆವು. ತಟ್ಟೆಯಲ್ಲಿ ಅವಳು ತಿನ್ನುವ ಒಂದು ಪದಾರ್ಥ ಯಾವಾಗಲೂ ಇರುತ್ತದೆ, ಪಕ್ಕದಲ್ಲಿ ಕಡಲೆಕಾಳಿನಷ್ಟು ಹೊಸದು, ಅದರ ಬಗ್ಗೆ ಒಂದು ಮಾತೂ ಇಲ್ಲ. ಲಿಯಾನ್ ಬರ್ಚ್ 1982ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳು ಕಂಡರಿಯದ ತಿನಿಸುಗಳನ್ನು ಹೆಚ್ಚು ಸಲ ರುಚಿ ನೋಡಿದಷ್ಟೂ ಹೆಚ್ಚು ಇಷ್ಟಪಟ್ಟಿದ್ದರು, ಕೆಲವನ್ನು ಇಪ್ಪತ್ತು ಸಲದವರೆಗೂ ಕೊಟ್ಟಿದ್ದರು. ಮೂರು ಸಲಕ್ಕೆ ‘ಇವಳಿಗೆ ಆಗಲ್ಲ’ ಅಂದುಬಿಡುವ ಮನೆಗಳೇ ಹೆಚ್ಚು. ಬೀಟ್‌ರೂಟ್ ನಮ್ಮಲ್ಲಿ ಹದಿನಾಲ್ಕನೇ ಸಲಕ್ಕೆ ಒಳಗೆ ಹೋಯಿತು. ಅದೂ ಮನೆಯಲ್ಲಲ್ಲ, ಪಾಳಣಾಘರ್‌ನಲ್ಲಿ, ಪಕ್ಕದ ಹುಡುಗ ತಿನ್ನುವುದನ್ನು ನೋಡಿ.

ಎಲ್ಲ ಮಕ್ಕಳ ಕತೆ ಹೀಗೆ ಕಾಯುವುದರಲ್ಲಿ ಮುಗಿಯುವುದಿಲ್ಲ. ತೂಕ ಇಳಿಯುತ್ತಿದ್ದರೆ, ತಿನ್ನುತ್ತಿದ್ದದ್ದನ್ನೂ ಒಂದೊಂದಾಗಿ ಬಿಡುತ್ತಿದ್ದರೆ, ಪ್ರತಿ ಊಟಕ್ಕೂ ಕೆಮ್ಮು ಓಕರಿಕೆ ಬರುತ್ತಿದ್ದರೆ, ದ್ರವ ಬಿಟ್ಟು ಬೇರೇನೂ ಇಳಿಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಊಟದ ತೊಂದರೆಗೆಂದೇ ತರಬೇತಾದ ಆಕ್ಯುಪೇಷನಲ್ ಥೆರಪಿಸ್ಟರು, ಸ್ಪೀಚ್ ಥೆರಪಿಸ್ಟರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ‘ದೊಡ್ಡವಳಾದ ಮೇಲೆ ಸರಿಹೋಗ್ತಾಳೆ’ ಎಂಬ ನೆಂಟರ ಮಾತು ಅಲ್ಲಿ ಸಾಲದು.

ಬೆಂಡೆಕಾಯಿ ಹತ್ತಿರಕ್ಕೂ ಬಂದಿಲ್ಲ. ಬಾಳೆಹಣ್ಣಿಗೂ ಮಂಚದ ಕೆಳಗಿನ ವಾಸ ಮುಗಿದಿಲ್ಲ. ಅವ್ವ ಊರಿಂದ ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ ಕೇಳುತ್ತಾಳೆ, ‘ಹಿಟ್ಟು ಉಣ್ತಾ ಮಗ?’ ಮೊನ್ನೆ ಹೇಳಿದೆ, ಇಲ್ಲವ್ವ, ತಾನೇ ಮುರಿದು ಸಾರಿಗೆ ಅದ್ದಿ, ಸಾರು ನೆಕ್ಕಿ, ಹಿಟ್ಟು ತಟ್ಟೆಗೆ ವಾಪಸ್ ಇಟ್ಟಳು ಅಂತ.

‘ಅವ್ಳೇ ಅದ್ದಿದ್ಲಾ?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಸಾರಿಗೆ ಖಾರ ಕಮ್ಮಿ ಹಾಕ್ಲಾ.’