ಗೋಡೆಯಾಚೆಯ ಕೋಣೆ

ಹಳೆಯ ಮೈಸೂರು ಸೀಮೆಯ ಮನೆಗಳನ್ನು ಕಟ್ಟಿಸಿದ ಹಿರಿಯರು ಗೋಡೆಯ ವಿಷಯದಲ್ಲಿ ಜಿಪುಣತನ ತೋರಲಿಲ್ಲ. ಬಿಸಿಲ ಝಳವಾಗಲಿ, ಮಳೆಯ ಶೀತವಾಗಲಿ, ನೆರೆಮನೆಯ ಕಲಹವಾಗಲಿ ಒಳಗೆ ಸುಳಿಯಬಾರದೆಂದು ಒಂದೂವರೆ ಅಡಿ ದಪ್ಪದ ಗೋಡೆಗಳನ್ನು ಎಬ್ಬಿಸಿದರು. ಆ ಗೋಡೆಗಳು ತಮಗೆ ವಹಿಸಿದ ಕರ್ತವ್ಯವನ್ನು ಇಂದಿಗೂ ಪಾಲಿಸುತ್ತಿವೆ. ಮೊನ್ನೆ ಮೊನ್ನೆ ಬಂದ ವೈಫೈಯನ್ನೂ ಬಿಸಿಲು ಮಳೆಗಳ ಸಾಲಿಗೇ ಸೇರಿಸಿ ತಡೆದು ನಿಲ್ಲಿಸುತ್ತವೆ.

ಇಂತಹ ಮನೆಯಲ್ಲಿ ಅಂತರ್ಜಾಲದ ತಂತಿ ಬೀದಿಯಿಂದ ಬಂದು ಹಜಾರದ ರೌಟರಿನಲ್ಲಿ ಕೊನೆಗೊಳ್ಳುತ್ತದೆ. ಅಡುಗೆಮನೆ ದೇವರಮನೆಗಳನ್ನು ದಾಟಿದ ಹಿಂದಿನ ಕೋಣೆ ಅಜ್ಜಿಯದು. ಭಾನುವಾರ ಸಂಜೆ ದೂರದೇಶದ ಮಗಳು ಫೋನಿನಲ್ಲಿ ಮುಖ ತೋರಿಸಿದರೆ, ಆ ಮುಖ ಅರ್ಧ ನಗೆಯಲ್ಲಿಯೇ ಕಲ್ಲಾಗಿಬಿಡುತ್ತದೆ. "ಹಜಾರಕ್ಕೇ ಬಂದುಬಿಡಿ ಅತ್ತೆ, ಇಲ್ಲಿ ಚೆನ್ನಾಗಿ ಬರುತ್ತೆ" ಎಂದು ಸೊಸೆ ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಾಳೆ. ಆದರೆ ಟಿವಿಯ ಸದ್ದಿನ ನಡುವೆ, ನಾಲ್ವರ ಎದುರಿಗೆ, ತಾಯಿ ಮಗಳ ಸಂಭಾಷಣೆ ಊಟ ತಿಂಡಿಯ ವಿಚಾರಣೆಯನ್ನು ಮೀರಲಾರದು. ಮನಸ್ಸು ಬಿಚ್ಚಿ ಆಡುವ ಮಾತಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆಯೇ ಬೇಕು.

ಮೊಮ್ಮಗ ಮೊದಲು ತರುವುದು ಎಕ್ಸ್‌ಟೆಂಡರ್. ಅದನ್ನು ಅಜ್ಜಿಯ ಮಂಚದ ಪಕ್ಕದಲ್ಲಿಯೇ ಸಿಕ್ಕಿಸುತ್ತಾನೆ. ಫೋನಿನಲ್ಲಿ ಗೆರೆಗಳೆಲ್ಲ ತುಂಬುತ್ತವೆ. ಮಾತು ಮಾತ್ರ ಮೊದಲಿನಂತೆಯೇ ತುಂಡಾಗುತ್ತದೆ. ಎಕ್ಸ್‌ಟೆಂಡರ್ ತಾನು ಕೇಳಿಸಿಕೊಂಡದ್ದನ್ನೇ ಮತ್ತೆ ಸಾರುವ ಡಂಗುರದವನು. ಅವನ ಕಿವಿಗೇ ಬೀಳದಿದ್ದರೆ ಸಾರುವುದಾದರೂ ಏನನ್ನು? ಅಷ್ಟೇ ಅಲ್ಲ, ಸಾಮಾನ್ಯ ಎಕ್ಸ್‌ಟೆಂಡರ್ ಒಂದೇ ಅಲೆಯಲ್ಲಿ ಕೇಳಿ, ಅದೇ ಅಲೆಯಲ್ಲಿ ಹೇಳಬೇಕಾಗುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ದಾರಿಯ ನಡುವೆ ಇಡತಕ್ಕದ್ದು. ಆದರೆ ಈ ಮನೆಯಲ್ಲಿ ದಾರಿಯ ನಡುವೆ ಇರುವುದೇ ಗೋಡೆ.

ಎರಡನೆಯ ಉಪಾಯ ಪವರ್‌ಲೈನ್ ಅಡಾಪ್ಟರ್. ಇದರ ಮೊದಲ ಮಾನದಂಡವನ್ನು ಹೋಮ್‌ಪ್ಲಗ್ ಒಕ್ಕೂಟ 2001ರಲ್ಲಿ ಹೊರತಂದಿತು. ವಿದ್ಯುತ್ತು 50 ಹರ್ಟ್ಸಿನಲ್ಲಿ ಹರಿಯುವ ತಂತಿಯಲ್ಲಿಯೇ ಈ ಯಂತ್ರ ಸುಮಾರು 2 ಮೆಗಾಹರ್ಟ್ಸಿಗಿಂತ ಮೇಲಿನ ಅಲೆಗಳಲ್ಲಿ ಮಾಹಿತಿಯನ್ನು ಕಳುಹಿಸುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ರೌಟರಿನ ಬಳಿ ಒಂದು, ಹಿಂದಿನ ಕೋಣೆಯಲ್ಲಿ ಮತ್ತೊಂದು. ದೀಪದ ತಂತಿ ಗೋಡೆಯನ್ನು ಎಂದೋ ದಾಟಿದೆಯಷ್ಟೆ!

ಇದಕ್ಕೂ ಮುನಿಸುಗಳುಂಟು. ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸಬೇಕು. ಸ್ಪೈಕ್ ಬಸ್ಟರಿಗೆ ಹಾಕಿದರೆ ಅದು ಈ ಅಲೆಗಳನ್ನು ಗದ್ದಲವೆಂದು ಬಗೆದು ನುಂಗಬಹುದು. ಮೂರು ಫೇಸಿನ ಮನೆಯಲ್ಲಿ ಎರಡು ಸಾಕೆಟ್ಟುಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಬಲ ಕುಂದುತ್ತದೆ. ಮಿಕ್ಸಿ ತಿರುಗಿದರೂ ತೊಡಕಾಗಬಹುದು. ಕರೆಂಟು ಹೋದಾಗ ಇನ್ವರ್ಟರಿನ ಆಸರೆಯಿಲ್ಲದ ಅಡಾಪ್ಟರ್ ಮಲಗುತ್ತದೆ. ಡಬ್ಬಿಯ ಮೇಲೆ 1000 ಮೆಗಾಬಿಟ್ ಎಂದು ಅಚ್ಚಾಗಿದ್ದರೂ ಕೈಗೆ ಸಿಗುವುದು ಅದರ ಒಂದು ಪಾಲು ಮಾತ್ರ. ಆದರೂ ಮುಖ ನೋಡಿ ಮಾತನಾಡಲು ನಾಲ್ಕೈದು ಮೆಗಾಬಿಟ್ ಧಾರಾಳವಾಯಿತು.

ಒಂಟಿಯಾಗಿ ಸೋತ ಇವೆರಡೂ ಜೊತೆಯಾದಾಗ ಕೆಲಸ ಕೂಡಿಬರುತ್ತದೆ. ಗೋಡೆ ದಾಟುವ ಹೊಣೆ ತಂತಿಗೆ, ಕೋಣೆ ತುಂಬುವ ಹೊಣೆ ಗಾಳಿಗೆ. ಹಿಂದಿನ ಕೋಣೆಯ ಅಡಾಪ್ಟರಿನಿಂದ ಗೇಣುದ್ದದ ಕೇಬಲ್ಲನ್ನು ಎಕ್ಸ್‌ಟೆಂಡರಿಗೆ ಜೋಡಿಸಿ, ಅದನ್ನು 'ಆಕ್ಸೆಸ್ ಪಾಯಿಂಟ್' ಕ್ರಮಕ್ಕೆ ತಿರುಗಿಸಿದರೆ, ಅದಕ್ಕೆ ಗಾಳಿಯಲ್ಲಿ ಕಿವಿಗೊಡುವ ಶ್ರಮ ತಪ್ಪುತ್ತದೆ. ಅರ್ಧ ವೇಗದ ನಷ್ಟವೂ ನೀಗುತ್ತದೆ. ಹೆಸರು, ಗುಪ್ತಪದಗಳು ಹಜಾರದ ರೌಟರಿನವೇ ಇರಲಿ; 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೆ 1ನೆಯ ಚಾನೆಲ್ಲಾದರೆ ಇನ್ನೊಂದಕ್ಕೆ 6 ಅಥವಾ 11 ಇರಲಿ. ವಿಳಾಸ ಹಂಚುವ ಯಜಮಾನಿಕೆ ರೌಟರ್ ಒಂದರದೇ ಆಗಿರತಕ್ಕದ್ದು. ಇಬ್ಬರು ಯಜಮಾನರಾದರೆ ಸಂಸಾರ ಕೆಡುತ್ತದೆ. ಅಡಾಪ್ಟರುಗಳೆರಡರ ಜೋಡಣೆಯ ಗುಂಡಿಯನ್ನು ಒತ್ತಿ ಗುಟ್ಟಿನ ಕೀಲಿ ಹಾಕಿಕೊಳ್ಳುವುದೂ ಅವಶ್ಯಕ. ಒಂದೇ ಕಟ್ಟಡದಲ್ಲಿ ಈ ಅಲೆಗಳು ಮೀಟರನ್ನು ದಾಟಿ ಪಕ್ಕದ ಮನೆಗೂ ಹರಿಯಬಲ್ಲವು.

ಇಷ್ಟಾದರೂ ಇದು ಕಟ್ಟಿಮುಗಿದ ಮನೆಗೆ ಹಾಕುವ ತೇಪೆಯೇ. ಗೋಡೆಯೊಳಗಿನ ಕೊಳವೆಯಲ್ಲಿ ಎಳೆದ ನೆಟ್‌ವರ್ಕ್ ಕೇಬಲ್ಲಿಗೆ ಇವೆರಡೂ ಸಮವಲ್ಲ. ಹೊಸದಾಗಿ ಮನೆ ಕಟ್ಟಿಸುವವರು, ಹಳೆಯದರ ವೈರಿಂಗ್ ಬದಲಿಸುವವರು, ಹಜಾರದಿಂದ ಹಿಂದಿನ ಕೋಣೆಯವರೆಗೆ ಒಂದು ಕೊಳವೆಯನ್ನು ಹೆಚ್ಚಾಗಿ ಹೂಳಿಸುವುದು ಲೇಸು. ನಕ್ಷೆ ಬರೆಸುವಾಗ ಎಲ್ಲರ ಗಮನವೂ ಹಜಾರದ ಮೇಲೆಯೇ ಇರುತ್ತದೆ. ಹಿಂದಿನ ಕೋಣೆ ಮುಂದೆ ತಮ್ಮದೇ ಆಗಲಿರುವುದು ಆಗ ಯಾರಿಗೂ ಹೊಳೆಯುವುದಿಲ್ಲ.