ನೀರ ಮೇಲಿನ ಮನೆ: ಆ ಫೋಟೊದ ಪೂರಾ ಲೆಕ್ಕ

1/7
ಈ ಫೋಟೊ ನಿಮಗೆ ಗೊತ್ತು. ನೀಲಿ ನೀರು, ನೀರಿನ ಮೇಲೆ ಕಟ್ಟಿಗೆಯ ಮನೆ, ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟಿರುವ ನಮ್ಮ ವೈನಿ. 2023ರ ಜೂನ್‌ನಲ್ಲಿ ಹಾಕಿದ್ದೆ. ಆಗ ಈ ಪೇಜಿನಲ್ಲಿ ಇದ್ದವರು ನಮ್ಮ ಬಿ.ಕಾಂ. ಕ್ಲಾಸಿನ ನಲವತ್ತು ಮಂದಿ, ಅಷ್ಟೇ. ನಿಮ್ಮಲ್ಲಿ ಭಾಳ ಮಂದಿ ಈ ಒಂದು ಫೋಟೊ ನೋಡಿ ಬಂದವರು. ಇವತ್ತಿಗೂ ಯಾರಾದರೂ ಡಿಎಂ ಮಾಡ್ತಾನೇ ಇರ್ತೀರಿ: "ಅಕ್ಕಾ, ಇದು ಯಾವ ರೆಸಾರ್ಟ್? ನಮಗ ಯಾವ ದ್ವೀಪ ಚಲೋ?"

ಈ ತಿಂಗಳು, 2025ರ ನವೆಂಬರ್‌ನಲ್ಲಿ, ಅಣ್ಣ ಆ ಟ್ರಿಪ್ಪಿನ ಸಾಲದ ಕೊನೆಯ ಕಂತು ಕಟ್ಟಿದ. ಮೂವತ್ತು ತಿಂಗಳು, ತಿಂಗಳಿಗೆ 6,000ದ ಹತ್ತಿರ. ಹಂಗಾಗಿ ಇವತ್ತು ಪೂರಾ ಲೆಕ್ಕ ಹೇಳಿಬಿಡ್ತೀನಿ. ವೈನಿಯನ್ನು ಕೇಳಿಯೇ ಬರೀಲತ್ತೀನಿ.

ಹೊಸಬರಿಗೆ ಒಂದು ಮಾತು. ನಮ್ಮ ಮನೆ ಹುಮನಾಬಾದ್‌ನಲ್ಲಿ. ಕೆಲಸ ಬಸವಕಲ್ಯಾಣದ ಒಂದು ಸಣ್ಣ ಟ್ರಾವೆಲ್ ಅಂಗಡಿಯಲ್ಲಿ: ರೈಲು ಟಿಕೆಟ್, ವಿಮಾನದ ಟಿಕೆಟ್, ಪಾಸ್‌ಪೋರ್ಟ್ ಅರ್ಜಿ, ಟೂರ್ ಪ್ಯಾಕೇಜ್. ದಿನಾ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಹರಿಸಿಕೊಂಡು ಬಸ್ಸಿನಲ್ಲಿ ಹೋಗ್ತೀನಿ, ಹೋಗಿ ಲಕ್ಷಗಟ್ಟಲೆ ರೂಪಾಯಿಯ ದ್ವೀಪ ಮಾರ್ತೀನಿ. ಈ ಫೋಟೊ ಹಾಕುವಾಗ ನಾನು ಸಮುದ್ರವನ್ನೇ ನೋಡಿರಲಿಲ್ಲ.

2/7
ಈಗ ಸ್ವೈಪ್ ಮಾಡಿ. ಅದೇ ಫೋಟೊ, ಕ್ರಾಪ್ ಮಾಡದ್ದು. ವೈನಿಯ ಬಲಗೈ ನೋಡ್ರಿ. ಮೆಟ್ಟಿಲಿನ ಕಂಬ ಹೆಂಗ ಹಿಡಿದಾರ. ಆ ಕೈಯನ್ನು ನಾನೇ ಕತ್ತರಿಸಿ ಹಾಕಿದ್ದೆ, ಫೋಟೊ ಚಂದ ಕಾಣಲಿ ಅಂತ.

ವೈನಿ ಭಾಲ್ಕಿ ಕಡೆಯವರು. ಚಿಕ್ಕಂದಿನಲ್ಲಿ ಹೊಲದ ಬಾವಿಗೆ ಬಿದ್ದು ಬದುಕಿದವರು. ನನಗೆ ಗೊತ್ತಿರಲಿಲ್ಲ. ಯಾಕಂದ್ರ ನಾನು ಕೇಳಿರಲಿಲ್ಲ. ಅಣ್ಣನ ಮದುವೆ ಮೇ ತಿಂಗಳಲ್ಲಿ ಆಯ್ತು. ಅವ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟುವ ಕಡೆ ವೆಲ್ಡರ್. "ನೀನೇ ಏನಾರ ನೋಡಿ ಮಾಡು" ಅಂದ. ನಾನು ಸ್ಟಾರ್ ನೋಡಿದೆ, ಫೋಟೊ ನೋಡಿದೆ, ಹತ್ತು ರೆಸಾರ್ಟ್ ಹೋಲಿಸಿದೆ. ಹೋಗುವ ಇಬ್ಬರನ್ನು ಮಾತ್ರ ನೋಡಲಿಲ್ಲ.

ರೇಟ್ ಕಡಿಮೆ ಇತ್ತು, ಖುಷಿಪಟ್ಟೆ. ಕಡಿಮೆ ಯಾಕೆ ಅಂದ್ರೆ ಮಾಲ್ಡೀವ್ಸ್‌ನಲ್ಲಿ ಮೇ ತಿಂಗಳಿಂದ ಮಳೆಗಾಲ. ಮೂರು ದಿನದಲ್ಲಿ ಎರಡು ದಿನ ಮಳೆ. ವಿಮಾನ ಮಾಲೆಯಲ್ಲಿ ಇಳಿದದ್ದು ಸಂಜೆ ಐದಕ್ಕೆ. ರೆಸಾರ್ಟಿಗೆ ಹೋಗಬೇಕಾದದ್ದು ಸೀಪ್ಲೇನ್‌ನಲ್ಲಿ. ಸೀಪ್ಲೇನ್ ಕತ್ತಲಲ್ಲಿ ಹಾರೋದಿಲ್ಲ. ಆ ರಾತ್ರಿ ಮಾಲೆಯಲ್ಲಿ ಬೇರೆ ಹೋಟೆಲ್, ಬೇರೆ ಖರ್ಚು; ರೆಸಾರ್ಟಿನ ಮೊದಲ ರಾತ್ರಿಯ ದುಡ್ಡು ಹೋಯ್ತು. ತಪ್ಪು ಯಾರದೂ ಅಲ್ಲ, ಟಿಕೆಟ್ ಜೋಡಿಸಿದ ನನ್ನದು.

ವೈನಿ ಮೊಟ್ಟೆನೂ ತಿನ್ನೋದಿಲ್ಲ. ಅಲ್ಲಿ ವೆಜ್ ಇರಲಿಲ್ಲ ಅಂತಲ್ಲ. ಆದರೆ ಅದೇ ಚಮಚೆ, ಅದೇ ಟೇಬಲ್ಲು, ಅವರಿಗೆ ಮನಸ್ಸು ಬರಲಿಲ್ಲ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅವರನ್ನು ಉಳಿಸಿದವು. ಒಟ್ಟು ಖರ್ಚು 2,10,000. ಅದರಲ್ಲಿ 1,50,000 ಸಾಲ. ಅದೇ ದುಡ್ಡಿನಲ್ಲಿ ಅಣ್ಣ ಸ್ವಂತ ವೆಲ್ಡಿಂಗ್ ಶೆಡ್ ಹಾಕಬೇಕು ಅಂದುಕೊಂಡಿದ್ದ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಅಣ್ಣ ಒಂದು ಮಾತೂ ಅನ್ನಲಿಲ್ಲ. ಅವ್ವ ಒಮ್ಮೆ ಅಂದಳು: "ನೀ ಹೇಳಿದ್ದಿ ಅಂತ ಹೋದ್ರು ಬೇ ಅವರು."

3/7
ಹಂಗಂದ್ರೆ ಮಾಲ್ಡೀವ್ಸ್ ಕೆಟ್ಟದ್ದಾ? ಅಲ್ಲ. ಅದು ಹೆಂಗ ನಡೀತದ ಅಂತ ತಿಳಕೊಂಡು ಹೋಗಬೇಕು.

ಅಲ್ಲಿ ಸುಮಾರು 1,200 ದ್ವೀಪ ಅದಾವ. ಮೊದಲ ರೆಸಾರ್ಟ್ ಕುರುಂಬಾ, 1972ರಲ್ಲಿ ಶುರುವಾಯ್ತು. ಅಲ್ಲಿನ ಪದ್ಧತಿ ಒಂದು ದ್ವೀಪ, ಒಂದು ರೆಸಾರ್ಟ್. ಅಂದ್ರೆ ಸಂಜೆ ಹೊರಗೆ ಹೋಗಿ ಚಹಾ ಕುಡಿದು ಬರ್ತೀನಿ ಅಂದ್ರೆ ಹೊರಗೆ ಅಂಗಡಿಯೇ ಇಲ್ಲ. ಊಟ, ನೀರು, ದೋಣಿ ಎಲ್ಲಾ ಅವರ ಹತ್ತಿರವೇ. ಅದಕ್ಕೇ ಊಟದ ಪ್ಲ್ಯಾನ್ ಮೊದಲು ನೋಡಿ. ಹಾಫ್ ಬೋರ್ಡ್ ಅಂದ್ರೆ ಬೆಳಗಿನ ನಾಷ್ಟಾ ಮತ್ತು ರಾತ್ರಿ ಊಟ ಮಾತ್ರ. ಮಧ್ಯಾಹ್ನದ ಬಿಲ್ ನಿಮ್ಮದು.

ರೇಟಿನ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಹುಷಾರ್. ಸರ್ವಿಸ್ ಚಾರ್ಜ್ 10 ಪರ್ಸೆಂಟ್, ಅದರ ಮೇಲೆ ಟೂರಿಸಂ ಜಿಎಸ್‌ಟಿ, 2025ರ ಜುಲೈನಿಂದ 17 ಪರ್ಸೆಂಟ್. ಗ್ರೀನ್ ಟ್ಯಾಕ್ಸ್ ಬೇರೆ, ರೆಸಾರ್ಟಿನಲ್ಲಿ 2025ರಿಂದ ತಲೆಗೆ ದಿನಕ್ಕೆ 12 ಡಾಲರ್. 300 ಡಾಲರ್ ಅಂತ ಕಂಡ ರೂಮು ಇಬ್ಬರಿಗೆ 410 ಡಾಲರ್ ಆಗ್ತದ. ಕೂಡಿಸಿ ನೋಡ್ರಿ.

ಮಾಲೆಗೆ ಹತ್ತಿರದ ದ್ವೀಪಗಳಿಗೆ ಸ್ಪೀಡ್‌ಬೋಟ್ ಸಾಕು, ರಾತ್ರಿನೂ ಸಿಗ್ತದ. ದೂರದವಕ್ಕೆ ಸೀಪ್ಲೇನ್, ಇಲ್ಲಾ ಒಳನಾಡಿನ ವಿಮಾನ. ದೂರ ಹೋದಷ್ಟು ಫೋಟೊ ಚಂದ, ಖರ್ಚು ಹೆಚ್ಚು.

ಇನ್ನೊಂದು ದಾರಿನೂ ಅದ. ಮಾಫುಶಿಯಂಥ ಜನವಸತಿ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ. ಅದೇ ನೀಲಿ ನೀರು, ರೇಟು ಭಾಳ ಕಡಿಮೆ. ಬೀದಿಯಲ್ಲಿ ಅಂಗಡಿ, ಮಸೀದಿ, ಶಾಲೆ, ಮಕ್ಕಳು. ಅಲ್ಲಿ ಮದ್ಯ ಇಲ್ಲ, ಬಟ್ಟೆಯಲ್ಲಿ ಊರಿನ ಮರ್ಯಾದೆ ಕಾಪಾಡಬೇಕು. ನಮ್ಮ ಹುಮನಾಬಾದ್‌ನಿಂದ ಹೋದವರಿಗೆ ಇದೇನು ತೊಂದರೆ ಅಲ್ಲ ಬಿಡ್ರಿ.

ನೀರ ಮೇಲಿನ ಮನೆ ಬಗ್ಗೆ ಒಂದು ಗುಟ್ಟು: ಅದೇ ರೆಸಾರ್ಟಿನಲ್ಲಿ ಮರಳಿನ ಮೇಲೆ ಕಟ್ಟಿದ ಮನೆಯೂ ಇತ್ತು, ರೇಟೂ ಕಡಿಮೆ ಇತ್ತು. ಸಮುದ್ರ ಅದೇ. ಫೋಟೊದಲ್ಲಿ ಸಪ್ಪೆ ಅಂತ ನಾನು ಬಿಟ್ಟೆ. ವೈನಿ ಎರಡು ರಾತ್ರಿ ನೆಲದ ಕೆಳಗಿನ ನೀರಿನ ಸಪ್ಪಳ ಕೇಳ್ತಾ ಎಚ್ಚರ ಇದ್ದರು.

4/7
ಅಂಡಮಾನ್. ಪಾಸ್‌ಪೋರ್ಟ್ ಬೇಡ, ಡಾಲರ್ ಬೇಡ, ಹಿಂದಿ ನಡೀತದ. ಚೆನ್ನೈ, ಬೆಂಗಳೂರು, ಹೈದರಾಬಾದ್‌ನಿಂದ ವಿಮಾನ. ಇಳಿಯುವ ಊರು ಪೋರ್ಟ್ ಬ್ಲೇರ್. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್‌ಗೆ ಹೋಗಬೇಕು. ಅದರ ಹೆಸರೂ 2018ರಲ್ಲಿ ಸ್ವರಾಜ್ ದ್ವೀಪ ಅಂತ ಆಯ್ತು. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಅಲ್ಲಿ ರಾಧಾನಗರ ಬೀಚ್ ಅದ. ಅದರ ದಂಡೆಗೆ ತಾಜ್ ಎಕ್ಸೋಟಿಕಾ ಅದ. ಅದೇ ದ್ವೀಪದಲ್ಲಿ ಸಣ್ಣ ಲಾಡ್ಜ್‌ಗಳೂ ಅದಾವ. ಮುಖ್ಯ ವ್ಯತ್ಯಾಸ ಇದು: ಮಾಲ್ಡೀವ್ಸ್ ರೆಸಾರ್ಟಿನಲ್ಲಿ ದ್ವೀಪವೇ ರೆಸಾರ್ಟಿನದು. ಇಲ್ಲಿ ಬೀಚ್ ಎಲ್ಲರದು. ತಾಜ್‌ನಲ್ಲಿ ಇಳಿದವರೂ, ಸಣ್ಣ ಲಾಡ್ಜಿನಲ್ಲಿ ಇಳಿದವರೂ ಒಂದೇ ಮರಳಿನ ಮೇಲೆ ಕೂತು ಒಂದೇ ಸೂರ್ಯ ಮುಳುಗೋದು ನೋಡ್ತಾರೆ. ಐಷಾರಾಮದ ದುಡ್ಡು ಕೊಡೋದು ರೂಮಿಗೆ, ಊಟಕ್ಕೆ, ಸೇವೆಗೆ. ಸಮುದ್ರಕ್ಕಲ್ಲ.

ವಯಸ್ಸಾದವರಿಗೆ ಸೆಲ್ಯುಲರ್ ಜೈಲ್ ಅದ. ಅದನ್ನು ನೋಡಿ ಬಂದ ಹಿರಿಯರು ಬೀಚಿಗಿಂತ ಅದನ್ನೇ ಹೆಚ್ಚು ನೆನಸ್ತಾರೆ, ನನ್ನ ಗಿರಾಕಿಗಳಲ್ಲಿ ನೋಡೀನಿ. ಹಡಗಿನಲ್ಲಿ ತಲೆ ತಿರುಗೋ ಮಂದಿ ಮೊದಲೇ ಡಾಕ್ಟರ್ ಕೇಳಿ ಮಾತ್ರೆ ಇಟ್ಟುಕೊಳ್ಳಿ. ನವೆಂಬರ್‌ನಿಂದ ಏಪ್ರಿಲ್ ತನಕ ಚಲೋ. ಬರುವಾಗ ಹವಳ, ಶಂಖ ಆರಿಸಿ ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ಹಿಡೀತಾರೆ.

5/7
ಲಕ್ಷದ್ವೀಪ. ನಮಗೆ ಇದರ ಜೊತೆ ಹಳೇ ನಂಟು ಅದ, ಗೊತ್ತಾ? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ದ್ವೀಪಗಳ ಆಡಳಿತ 1956ರ ತನಕ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದಕ್ಷಿಣ ತುದಿಯ ಮಿನಿಕಾಯ್‌ನಲ್ಲಿ ಆಡುವ ಮಹಲ್ ಭಾಷೆ ಮಾಲ್ಡೀವ್ಸ್‌ನ ಭಾಷೆಯದೇ ಒಂದು ರೂಪ.

ಆದರೆ ಟಿಕೆಟ್ ತೆಗೆದು ಹೊರಡುವ ಜಾಗ ಅಲ್ಲ. ನಮಗೂ ಪರ್ಮಿಟ್ ಬೇಕು. ಕೊಚ್ಚಿಯಿಂದ ಅಗತ್ತಿಗೆ ಸಣ್ಣ ವಿಮಾನ, ಇಲ್ಲಾ ಹಡಗು. 36 ದ್ವೀಪಗಳಲ್ಲಿ ಜನ ಇರೋದು ಹತ್ತರಲ್ಲಿ. ರೂಮುಗಳು ಕೆಲವೇ. 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಮೇಲೆ ನಮ್ಮ ಅಂಗಡಿಗೆ ಬಂದವರೆಲ್ಲಾ ಇದನ್ನೇ ಕೇಳಿದ್ರು. ಹೋದವರು ಬೆರಳೆಣಿಕೆ. ಸುಹೇಲಿ, ಕಡಮತ್‌ನಲ್ಲಿ ತಾಜ್ ರೆಸಾರ್ಟ್ ಬರ್ತದ ಅಂತ 2023ರಲ್ಲಿ ಘೋಷಣೆ ಆಗಿತ್ತು.

ಹವಳದ ಗೋಡೆಯ ಒಳಗಿನ ನೀರು ಅಲ್ಲಿ ಆಳ ಇಲ್ಲದ್ದು, ಶಾಂತ. ಈಜು ಬಾರದವರಿಗೂ ಧೈರ್ಯ ಬರ್ತದ. ಆದರೆ ಡಿಜೆ, ಪಾರ್ಟಿ ಬೇಕಂದ್ರೆ ಹೋಗಬೇಡಿ. ಸುಮ್ಮನೆ ಕೂರೋಕೆ ಬರೋರಿಗೆ ಆ ಜಾಗ.

6/7
ಈಗ ನೀವು ಕಾಯ್ತಿರುವ ಭಾಗ. ಸೇವ್ ಮಾಡ್ಕೋರಿ.

ಹೊಸ ಜೋಡಿ, ಕೈಯಲ್ಲಿ ದುಡ್ಡು ಅದ: ಮಾಲ್ಡೀವ್ಸ್ ರೆಸಾರ್ಟ್, ಡಿಸೆಂಬರ್‌ನಿಂದ ಏಪ್ರಿಲ್. ಮಧ್ಯಾಹ್ನದೊಳಗೆ ಮಾಲೆಯಲ್ಲಿ ಇಳಿಯುವ ವಿಮಾನ. ಎರಡು ರಾತ್ರಿ ಮರಳಿನ ಮನೆ, ಬೇಕಾದರೆ ಒಂದು ರಾತ್ರಿ ನೀರ ಮೇಲೆ.

ಹೊಸ ಜೋಡಿ, ಸಾಲ ಮಾಡಬೇಕು: ಅಂಡಮಾನ್. ಇಲ್ಲಾ ಮಾಲ್ಡೀವ್ಸ್ ಗೆಸ್ಟ್‌ಹೌಸ್. ಇಲ್ಲಾ ಇನ್ನೊಂದು ವರ್ಷ ತಡೀರಿ. ಪ್ರೀತಿ ಎಲ್ಲೂ ಹೋಗೋದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬರ್ತದ.

ಅಪ್ಪ ಅವ್ವನ ಜೊತೆ: ಅಂಡಮಾನ್. ದೋಣಿ ಹತ್ತಿಳಿಯೋದು ಎಷ್ಟು ಸಲ ಅಂತ ಎಣಿಸಿ. ಮೊಣಕಾಲು ನಿಮ್ಮದಲ್ಲ, ಅವರದು.

ಸಣ್ಣ ಮಕ್ಕಳು: ನೀರ ಮೇಲಿನ ಮನೆ ಬೇಡವೇ ಬೇಡ. ಬಾಗಿಲು ತೆಗೆದರೆ ಸಮುದ್ರ. ಮರಳಿನ ಮನೆ ತಗೊಳ್ಳಿ. ಡಾಕ್ಟರ್ ಎಷ್ಟು ಹತ್ತಿರ ಅಂತ ಕೇಳಿ.

ಗೆಳೆಯರ ಗ್ಯಾಂಗ್: ಅಂಡಮಾನ್‌ನಲ್ಲಿ ಡೈವಿಂಗ್. ಐಷಾರಾಮಿ ರೂಮಿಗೆ ದುಡ್ಡು ಹಾಕಬೇಡಿ, ನೀವು ರೂಮಿನಲ್ಲಿ ಇರೋದೇ ಇಲ್ಲ.

ಒಬ್ಬರೇ, ಶಾಂತಿ ಬೇಕು: ಲಕ್ಷದ್ವೀಪ, ಪರ್ಮಿಟ್‌ಗೆ ತಾಳ್ಮೆ ಇದ್ದರೆ.

ಇವೆಲ್ಲಕ್ಕಿಂತ ಮೊದಲು, ಹೋಗುವ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ನೀರಿನ ಭಯ ಅದ ಏನು? ಏನು ತಿಂತೀರಿ? ಈ ದುಡ್ಡಿನಲ್ಲಿ ಬೇರೆ ಏನಾದ್ರೂ ಮಾಡಬೇಕು ಅಂದುಕೊಂಡಿದ್ರಾ? ಗಂಡನ ಮುಂದೆ ಹೆಂಡತಿಯನ್ನು ಕೇಳಿದ್ರೆ ಖರೇ ಉತ್ತರ ಬರೋದಿಲ್ಲ. ಹೊಸ ಸೊಸೆ ನಾದಿನಿಗೆ "ಬ್ಯಾಡ" ಅಂತ ಹೇಳ್ತಾಳಾ? ಕೇಳೋ ಕೆಲಸ ನಮ್ಮದು.

7/7
ಕಂತು ಮುಗಿದ ವಾರ ಅವ್ವ ಅಂದಳು: "ಊರ ಮಂದಿಗೆಲ್ಲಾ ದ್ವೀಪ ತೋರಸ್ತಿ. ನನಗ ಯಾವುದು?"

ನಾನು ಈ ಸಲ ಕೇಳಿದೆ. ಮೊಣಕಾಲು ನೋವು, ವಿಮಾನ ಬ್ಯಾಡ, ಎರಡು ದಿನಕ್ಕಿಂತ ಹೆಚ್ಚು ಎಮ್ಮೆ ಬಿಟ್ಟು ಇರೋಕಾಗಲ್ಲ. ವೈನಿಯನ್ನು ಅಡುಗೆಮನೆಯಲ್ಲಿ ಒಬ್ಬರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ದಂಡೀಮ್ಯಾಲ ಕುಂದರ್ತೀನಿ ಅಂದ್ರ ಬರ್ತೀನಿ" ಅಂದರು.

ನಾಲ್ಕು ಮಂದಿ ಕಲಬುರಗಿಗೆ ಹೋಗಿ, ಅಲ್ಲಿಂದ ರಾತ್ರಿ ಬಸ್ಸು ಹಿಡಿದು ಉಡುಪಿಗೆ. ಬೆಳಗ್ಗೆ ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರಿಸ್ ದ್ವೀಪ. ಅಲ್ಲಿ ರೆಸಾರ್ಟ್ ಇಲ್ಲ, ರಾತ್ರಿ ಉಳಿಯೋಕೆ ಬಿಡೋದೂ ಇಲ್ಲ. ಮಳೆಗಾಲದಲ್ಲಿ ಬೋಟ್ ಬಂದ್. ಇರೋದು ತೆಂಗಿನ ಗಿಡ ಮತ್ತು ಕಂಬದಂಥ ಕಲ್ಲು. ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಲಾವಾ ಆರಿ ಬಿರಿದು ಆದ ಕಂಬಗಳು. ನಮ್ಮ ಬೀದರ್ ಕಡೆಯ ಕರಿಕಲ್ಲೂ ಲಾವಾನೇ, ಆದರೆ ಅದರ ವಯಸ್ಸು ಸುಮಾರು 6.6 ಕೋಟಿ. "ಅಂದ್ರ ಇದು ನಮ್ಮ ಕಲ್ಲಿಗೆ ಅಕ್ಕ" ಅಂದಳು ಅವ್ವ, ಕೈಯಿಂದ ಮುಟ್ಟಿ.

ನಾನು ಮೊದಲ ಸಲ ಸಮುದ್ರ ನೋಡಿದ್ದು ಅವತ್ತೇ. ಇಷ್ಟು ವರ್ಷ ಮಾರಿದ್ದರಲ್ಲಿ ಅದರ ಸಪ್ಪಳದ ಬಗ್ಗೆ ಯಾರಿಗೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ನಾಲ್ವರ ಖರ್ಚು 9,000. ಒಂದೂವರೆ ಕಂತು.

ವೈನಿ ದಂಡೆಯಲ್ಲಿ ಕೂತರು. ಅಲೆ ಬಂದು ಪಾದ ಮುಟ್ಟಿತು. ಎದ್ದು ಹಿಂದೆ ಸರಿದರು. ಆಮೇಲೆ ಅವ್ವನ ಕೈ ಹಿಡಿದು ಅಲ್ಲೇ ಬಂದು ಮತ್ತೆ ಕೂತರು. ನಾನು ಮೊಬೈಲ್ ತೆಗೆದೆ.

"ಫೋಟೊ ತೆಗಿಲೇನು ವೈನಿ?"

"ಇರ್ಲಿ ಬಿಡು. ರೊಟ್ಟಿ ಡಬ್ಬಿ ಈ ಕಡೆ ಕೊಡು."

ಅದಕ್ಕೇ ಈ ಕೊನೆಯ ಸ್ಲೈಡಿನಲ್ಲಿ ರೊಟ್ಟಿ ಡಬ್ಬಿ ಮಾತ್ರ ಅದ.

ಇನ್ನು ಮೇಲೆ ಡಿಎಂನಲ್ಲಿ "ಯಾವ ದ್ವೀಪ ಬೆಸ್ಟ್" ಅಂತ ಕೇಳೋ ಮೊದಲು, ಯಾರ್ಯಾರು ಹೋಗ್ಲತ್ತೀರಿ, ಅವರಿಗೆ ಏನು ಭಯ, ಏನು ಇಷ್ಟ, ಅದನ್ನ ಬರೀರಿ. ಉತ್ತರ ಕೊಡ್ತೀನಿ. ಫೋಟೊ ಚಂದ ಬರ್ತದೋ ಇಲ್ಲೋ, ಅದರ ಗ್ಯಾರಂಟಿ ಇಲ್ಲ.

#ಹುಮನಾಬಾದ್ #ಬಸವಕಲ್ಯಾಣ #ದ್ವೀಪದಲೆಕ್ಕ #ಕಡಕ್‌ರೊಟ್ಟಿ