ಹಂಡೆಯಿಂದ ಆನೋಡ್ ರಾಡಿನವರೆಗೆ: ಪಶ್ಚಿಮ ಬೆಂಗಳೂರಿನ ಬಿಸಿನೀರಿನ ಕಸುಬು

ಪಶ್ಚಿಮ ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಅರ್ಧ ಶತಮಾನದ ಅವಧಿಯಲ್ಲಿ ನಡೆದ ಬದಲಾವಣೆಯನ್ನು ಬಿಸಿನೀರಿನ ಅನುಕೂಲದ ದೃಷ್ಟಿಯಿಂದ ನೋಡುವುದೇ ವಾಡಿಕೆ; ಲೋಹವನ್ನು ತುಕ್ಕಿನಿಂದ ಕಾಯುವ ಹೊಣೆ ಮನೆಯವರ ಕೈಯಿಂದ ಜಾರಿ ಕಣ್ಣಿಗೆ ಬೀಳದ ಒಂದು ಸರಳನ್ನು ಸೇರಿದ ಬಗೆಯೂ ಅಷ್ಟೇ ಗಮನಾರ್ಹವಾದುದು. ರಾಜಾಜಿನಗರದ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಕೂರಿಸಿದ್ದ ತಾಮ್ರದ ಹಂಡೆಗೆ ನೀರಿನಿಂದ ತುಕ್ಕು ಹಿಡಿಯುವ ಭಯವಿರಲಿಲ್ಲ. ಮಸಿ ಹಿಡಿದ ಹೊರಮೈಯನ್ನೂ ಹಸಿರು ಕಿಲುಬು ಕಟ್ಟಿದ ಕಂಠವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದರ ಆರೈಕೆ ಮುಗಿಯುತ್ತಿತ್ತು.

ನಲ್ಲಿ ನೀರಿನೊಂದಿಗೆ ಬಂದ ಜಿ.ಐ. ಪೈಪು, ಅಂದರೆ ಸತುವಿನ ಲೇಪವುಳ್ಳ ಉಕ್ಕಿನ ಕೊಳವೆ, ಹೊಸ ತತ್ತ್ವವೊಂದನ್ನು ಮನೆಯೊಳಗೆ ತಂದಿತು. ಒಂದೇ ನೀರಿನಲ್ಲಿ ಒಂದಕ್ಕೊಂದು ತಾಗಿ ನಿಂತ ಎರಡು ಲೋಹಗಳಲ್ಲಿ ಹೆಚ್ಚು ಚುರುಕಾದುದು ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ. ಹೀಗೆ ಸವೆಯುವುದಕ್ಕೆಂದೇ ಜೋಡಿಸಿದ ಲೋಹವನ್ನು ಬಲಿ ಆನೋಡ್ ಎನ್ನುತ್ತಾರೆ. ರಸಾಯನವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಕಬ್ಬಿಣ, ಸತುವುಗಳ ತುಂಡು ಜೋಡಿಸಿ ಇದನ್ನು ತೋರಿಸಿಕೊಟ್ಟಿದ್ದನು. ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆಗಳು ಏಳುತ್ತಿದ್ದ ಕಾಲದ ಪ್ಲಂಬರ್ ಕೆಲಸವನ್ನು ನೋಡಿದವರಿಗೆ ಆ ಪೈಪಿನ ದೌರ್ಬಲ್ಯವೂ ಪರಿಚಿತ: ಡೈ ಹಾಕಿ ತಿರುಗಿಸಿ ಥ್ರೆಡ್ ಕೊರೆದಾಗ ತುದಿಯ ಸತು ಸುರುಳಿ ಸುರುಳಿಯಾಗಿ ಉದುರಿ, ಎಷ್ಟೇ ನೂಲು ಸುತ್ತಿ ಬಿಗಿದರೂ ತುಕ್ಕು ಮೊದಲು ಆ ಜೋಡಣೆಯಲ್ಲೇ ಕಾಣಿಸಿಕೊಳ್ಳುತ್ತಿತ್ತು. ಇದಕ್ಕೂ ಮಿಗಿಲಾಗಿ, ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವು ಬಗೆಯ ನೀರಿನಲ್ಲಿ ಸತು ಮತ್ತು ಉಕ್ಕಿನ ಸಂಬಂಧವೇ ತಿರುವುಮುರುವಾಗುವುದರಿಂದ, ಗೀಸರಿನ ಬಿಸಿನೀರಿಗೆ ಸತುವಿನ ಕಾವಲನ್ನು ನಂಬುವಂತಿರಲಿಲ್ಲ.

ಉಕ್ಕಿನ ತೊಟ್ಟಿಯ ಒಳಗೆ ಗಾಜಿನಂಥ ಲೇಪವಿರುವ ಗೀಸರುಗಳಲ್ಲಿ ಮೆಗ್ನೀಷಿಯಂ ಸರಳನ್ನು ಇಳಿಬಿಟ್ಟಿರುವುದು ಆದ್ದರಿಂದಲೇ. ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ತೆರೆದುಕೊಂಡ ಉಕ್ಕನ್ನು ಈ ಸರಳು ಕಾಯುತ್ತದೆ. ಪ್ರಮಾಣಿತ ವಿಭವದ ಪಟ್ಟಿಯಲ್ಲಿ ಕಬ್ಬಿಣ –0.44 ವೋಲ್ಟ್, ಸತು –0.76 ವೋಲ್ಟ್, ಮೆಗ್ನೀಷಿಯಂ –2.37 ವೋಲ್ಟ್ ಇರುವುದರಿಂದ, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಸಿಹಿನೀರಿನಲ್ಲಿಯೂ ಮೆಗ್ನೀಷಿಯಂ ಕೆಲಸ ಮಾಡಬಲ್ಲದು. ಉಪ್ಪುನೀರಿನಲ್ಲಿ ಅದು ಬೇಗನೆ ಕರಗಿಹೋಗುವುದರಿಂದಲೇ ಕಡಲಿನ ದೋಣಿಗಳ ತಳಕ್ಕೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹವನ್ನು ಆರಿಸುತ್ತಾರೆ.

ಹಾಗಾಗಿ ಆಯ್ಕೆಯನ್ನು ನಿರ್ಧರಿಸುವುದು ಗೀಸರಿನ ಹೆಸರಲ್ಲ, ಮನೆಗೆ ಬರುವ ನೀರು. 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, 1974ರಿಂದ ಹಂತಹಂತವಾಗಿ ನಗರಕ್ಕೆ ಬಂದ ಕಾವೇರಿ, ಇವೆರಡೂ ಸಾಲದೆ ಎಲ್ಲೆಡೆ ಕೊರೆದ ಬೋರ್‌ವೆಲ್ಲು, ಈ ಮೂರು ಒಂದೇ ಗುಣದವಲ್ಲ. ಕೆಂಗೇರಿಯ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನೇ ನಂಬಿದ ಮನೆಯಲ್ಲಿ ಲವಣಾಂಶ ಹೆಚ್ಚಾದಂತೆ ಸರಳು ಬೇಗ ಸವೆಯುತ್ತದೆ, ಕಾಯಿಲಿನ ಮೇಲೆ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಅಂಥಲ್ಲಿ ತಯಾರಕರು ಒಪ್ಪಿದರೆ ಅಲ್ಯೂಮಿನಿಯಂ ಸರಳು ಹೆಚ್ಚು ಬಾಳುತ್ತದೆ. ಸಾಫ್ಟನರ್ ಅಳವಡಿಸಿದ ಅಪಾರ್ಟ್‌ಮೆಂಟುಗಳಲ್ಲಿ ಹಕ್ಕಳೆ ತಪ್ಪಿದರೂ ಸರಳಿನ ಸವೆತ ತಪ್ಪುವುದಿಲ್ಲ, ಅನೇಕ ವೇಳೆ ಹೆಚ್ಚುತ್ತದೆ.

ಹೊಸ ಮನೆಗಳಿಗೆ ಸೋಲಾರ್ ಬಿಸಿನೀರನ್ನು ಕಡ್ಡಾಯಗೊಳಿಸುವ ನಿಯಮಗಳು ಬಂದ ಮೇಲೆ ತೊಟ್ಟಿ ತಾರಸಿಯನ್ನೇರಿತು. ಗೋಡೆಯೊಳಗಿನ ಪೈಪು ಪ್ಲಾಸ್ಟಿಕ್ ಜಾತಿಯ ಸಿ.ಪಿ.ವಿ.ಸಿ. ಆಗಿ, ಡೈ ಮತ್ತು ನೂಲಿನ ಕೆಲಸ ಬಹುಮಟ್ಟಿಗೆ ನಿಂತುಹೋಯಿತು. ಮನೆಯಲ್ಲಿ ಕಾಯಬೇಕಾದ ಲೋಹವೆಂದರೆ ಬಹುತೇಕ ಆ ತೊಟ್ಟಿಯೊಂದೇ ಉಳಿದಿದ್ದು, ಲೇಪವುಳ್ಳ ತೊಟ್ಟಿಯಾದರೆ ಅದರ ಆಯಸ್ಸು ಕೆಲವು ನೂರು ರೂಪಾಯಿಯ ಸರಳನ್ನು ಅವಲಂಬಿಸಿರುವಾಗ, ಸರ್ವೀಸಿಗೆ ಬಂದವರು ಕಾಯಿಲು ಬದಲಿಸಿ ಸರಳನ್ನು ಮುಟ್ಟದೆ ಹೋಗುವುದು ದೊಡ್ಡ ನಷ್ಟ. ಹೊರತೆಗೆದ ಸರಳು ಗುಳಿಬಿದ್ದು ಸಣಕಲಾಗಿ, ನಡುವಿನ ಉಕ್ಕಿನ ತಂತಿ ಕಾಣುತ್ತಿದ್ದರೆ ಅದನ್ನು ಬದಲಿಸಲು ತಡಮಾಡಬಾರದು. ವರುಷಗಳ ನಂತರವೂ ಹೊಸದರಂತೆಯೇ ಇದ್ದರೆ ಅದಕ್ಕೂ ತೊಟ್ಟಿಗೂ ವಿದ್ಯುತ್ ಸಂಪರ್ಕ ತಪ್ಪಿರಬಹುದೆಂದು ಶಂಕಿಸಬೇಕು. ಹುಣಸೆಹಣ್ಣಿನ ಕಾಲದಲ್ಲಿ ಆರೈಕೆಯ ಅಗತ್ಯವನ್ನು ಪಾತ್ರೆಯೇ ತೋರಿಸುತ್ತಿತ್ತು. ಇಂದಿನ ತೊಟ್ಟಿ ಸೋರುವವರೆಗೂ ಏನನ್ನೂ ತೋರಿಸದ ಕಾರಣ, ಸರಳು ಬದಲಿಸಿದ ದಿನಾಂಕವನ್ನು ತೊಟ್ಟಿಯ ಮೇಲೆಯೇ ಬರೆದಿಡುವ ಪದ್ಧತಿ ಈ ಕಸುಬಿನಲ್ಲಿ ಬೇರೂರಬೇಕಾಗಿದೆ.